ಕತ್ತು ಕೊಡುವ ಮುನ್ನ



ಕಾಯಿಲೆಯ ಕಥೆ ಹೇಳುವವರಿಗೆ ಉತ್ಸಾಹ, ಕೇಳುವವರಿಗೆ ಆಕಳಿಕೆ. ಇದು ತಿಳಿದಿದ್ದೂ ಬರೆಯಲು ಕುಳಿತಿದ್ದೇವೆ. ಕಳೆದ ಸಲ ಸಂಘದ ಸಂತೋಷಕೂಟದಲ್ಲಿ ಊಟಕ್ಕೆ ಕುಳಿತಾಗ ಕತ್ತುನೋವಿನ ಮಾತು ಬಂತು. ನಮ್ಮ ಸುತ್ತ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ತಮ್ಮ ಕತ್ತನ್ನು ಮುಟ್ಟಿಕೊಂಡರು. ಪಾಯಸ ಬರುವಷ್ಟರಲ್ಲಿ ನಮಗೆ ಆರು ಬಗೆಯ ಸಲಹೆ ಸಿಕ್ಕಿತ್ತು. ಒಬ್ಬರು ಎಣ್ಣೆ ಎಂದರು, ಒಬ್ಬರು ಹಿಜಾಮಾ ಎಂದರು, ಇನ್ನೊಬ್ಬರು ಕೈರೋಪ್ರ್ಯಾಕ್ಟರ್ ಎಂದರು. "ಇದೆಲ್ಲ ಯಾಕೆ ಮಾರಾಯ್ರೇ, ಒಂದು ಸಲ ನೆಟಿಗೆ ತೆಗೆಸಿದರೆ ಸರಿಹೋಗ್ತದೆ" ಎಂದವರೂ ಉಂಟು. ನೆಟಿಗೆ ತೆಗೆಸಿ ಪೆಟ್ಟು ತಿಂದ ಮನೆ ನಮ್ಮದು. ಅಂದು ಊಟದ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಕತ್ತು ಹಿಡಿದದ್ದು ಒಬ್ಬರಿಗೆ, ನಿದ್ದೆ ಕೆಟ್ಟದ್ದು ಇಬ್ಬರಿಗೂ. ಆದ್ದರಿಂದ ಬರೆಯುವುದನ್ನೂ ಇಬ್ಬರೂ ಸೇರಿಯೇ ಬರೆದಿದ್ದೇವೆ. ಲೇಖನದಲ್ಲಿ ರೋಗಿಯನ್ನು 'ಯಜಮಾನರು' ಎಂದು ಕರೆದಿದ್ದೇವೆ. ಆ ಪದವಿ ಈ ಲೇಖನದ ಮಟ್ಟಿಗೆ ಮಾತ್ರ ಎಂದು ಬರೆಯುವಾಗಲೇ ತೀರ್ಮಾನವಾಗಿದೆ. ನಾವು ವೈದ್ಯರಲ್ಲ. ಅನುಭವಿಸಿದ್ದನ್ನು, ವೈದ್ಯರನ್ನು ಕೇಳಿ ತಿಳಿದದ್ದನ್ನು, ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನು ಮಾತ್ರ ಬರೆದಿದ್ದೇವೆ.

ಹೊಸ ಊರು, ಹಳೆಯ ಕತ್ತು

ಲುಸೈಲ್‌ನಲ್ಲಿ ಎಲ್ಲವೂ ಹೊಸತು. ರಸ್ತೆ ಹೊಸತು, ಟ್ರಾಮ್ ಹೊಸತು, 2022ರ ಡಿಸೆಂಬರ್ 18ರಂದು ವಿಶ್ವಕಪ್ ಫೈನಲ್ ನಡೆದ ಆ ಚಿನ್ನದ ಬಣ್ಣದ ಕ್ರೀಡಾಂಗಣ ಹೊಸತು. ಇಲ್ಲಿಗೆ ಬಂದ ನಮ್ಮಂಥವರ ಕತ್ತು ಮಾತ್ರ ಐವತ್ತರ ಹತ್ತಿರದ್ದು. ಯಜಮಾನರ ದಿನಚರಿ ನಿಮ್ಮೆಲ್ಲರದ್ದೇ. ಫಾಕ್ಸ್ ಹಿಲ್ಸ್‌ನ ಫ್ಲ್ಯಾಟಿನಿಂದ ಕಾರು, ಕಾರಿನಿಂದ ಕಚೇರಿಯ ಕುರ್ಚಿ, ಅಲ್ಲಿ ಒಂಬತ್ತು ಗಂಟೆ ಕಂಪ್ಯೂಟರು, ಮತ್ತೆ ಕಾರು, ಮನೆಗೆ ಬಂದು ಸೋಫಾ, ಕೈಯಲ್ಲಿ ಫೋನು. ಬೇಸಗೆಯಲ್ಲಿ ಹೊರಗೆ ನಡೆಯುವ ಮಾತೇ ಇಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಬಲ ಹೆಗಲ ಎಲುಬಿನ ಹಿಂದೆ ಒಂದು ನೋವು ಶುರುವಾಯಿತು. ಏಸಿ ಗಾಳಿ ಹೊಡೆದಿದೆ ಎಂದುಕೊಂಡೆವು. ಇಲ್ಲಿ ಯಾವ ನೋವಿಗೂ ಮೊದಲ ಆರೋಪಿ ಏಸಿಯೇ ತಾನೇ! ಎರಡು ವಾರದಲ್ಲಿ ನೋವು ತೋಳಿಗಿಳಿಯಿತು. ಮೂರನೆಯ ವಾರ ನಡುಬೆರಳು ಜೋಮು ಹಿಡಿಯಿತು. ಮಲಗಿದರೆ ನೋವು ಹೆಚ್ಚು, ಎದ್ದು ಕುಳಿತರೆ ಸ್ವಲ್ಪ ಕಡಿಮೆ. ಬಲಗೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಮಾತ್ರ ಆರಾಮ. ತರಗತಿಯಲ್ಲಿ ಮೇಷ್ಟ್ರಿಂದ ಶಿಕ್ಷೆಯಾದ ಹುಡುಗನಂತೆ ರಾತ್ರಿಯಿಡೀ ಸೋಫಾದಲ್ಲಿ ಹಾಗೆಯೇ ಕುಳಿತಿರುತ್ತಿದ್ದರು. ಮಕ್ಕಳು ಮೊದಲೆರಡು ದಿನ ನಕ್ಕರು, ಆಮೇಲೆ ನಗಲಿಲ್ಲ.

ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ, "ಮಗಾ, ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸಿ ಹಚ್ಚು, ಮೇಲಿಂದ ಬಿಸಿನೀರು ಹೊಯ್ದುಕೊ. ಯಾರ ಕೈಲೂ ತಿರುಚಿಸ್ಕೋಬೇಡ" ಎಂದರು. ಮೊದಲರ್ಧವನ್ನು ಕೇಳಿದೆವು, ಎರಡನೆಯ ಅರ್ಧವನ್ನು ಬಿಟ್ಟೆವು.

ಒಂದು ಶುಕ್ರವಾರ ಯಜಮಾನರು ಕ್ಷೌರಕ್ಕೆ ಹೋಗಿದ್ದರು. ಯಾವ ಅಂಗಡಿ ಎಂದು ಹೇಳುವುದಿಲ್ಲ. ತಪ್ಪು ಅಂಗಡಿಯದ್ದಕ್ಕಿಂತ ನಮ್ಮದೇ ಹೆಚ್ಚು. ಕ್ಷೌರ ಮುಗಿದ ಮೇಲೆ ತಲೆ ತಿಕ್ಕಿ, ಹೆಗಲು ಅಮುಕಿ, "ಸಾರ್, ಕತ್ತು ತುಂಬ ಬಿಗಿ ಇದೆ" ಎಂದು ಆತ ಗಲ್ಲವನ್ನು ಒಂದು ಕೈಯಲ್ಲಿ, ಹಿಂದಲೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಟಕ್ಕೆಂದು ತಿರುಗಿಸಿದ. ಶಬ್ದ ಬಂತು. ಒಂದು ನಿಮಿಷ ಹಗುರವೆನಿಸಿತಂತೆ. ಮನೆಗೆ ಬರುವಷ್ಟರಲ್ಲಿ ತೋಳಿನುದ್ದಕ್ಕೂ ಕಾದ ತಂತಿ ಎಳೆದಂತಾಯಿತು. ಮರುದಿನ ಕುರ್ಚಿಯ ಕೈಗೆ ಬಲಗೈ ಊರಿ ಏಳಲು ಹೋದರೆ ಕೈ ಸೋತು ಮಡಿಚಿಕೊಂಡಿತು. ಅಂದು ನಮಗೆ ನಿಜವಾಗಿ ಭಯವಾಯಿತು. ಪರದೇಶದಲ್ಲಿ ದುಡಿಯುವವನ ಬಲಗೈ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮನೆ ಬಾಡಿಗೆ, ಮಕ್ಕಳ ಶಾಲೆ, ವೀಸಾ, ಊರಿನ ಸಾಲ ಎಲ್ಲವೂ ಆ ಕೈಗೇ ಜೋತುಬಿದ್ದಿರುತ್ತವೆ.

ಕತ್ತಿನೊಳಗೆ ಏನಿದೆ

ಹೆಲ್ತ್ ಕಾರ್ಡ್ ಹಿಡಿದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿಯ ವೈದ್ಯೆ ಸುಮಾರು ಹದಿನೈದು ನಿಮಿಷ ಬರಿಯ ಕೈಯಿಂದಲೇ ಪರೀಕ್ಷೆ ಮಾಡಿದರು. ಬೆರಳುಗಳನ್ನು ಹತ್ತಿಯಿಂದ ಸವರಿದರು, ಮೊಣಕೈಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ತಳ್ಳಿ ಎಂದರು, ಎಳೆಯಿರಿ ಎಂದರು. ನೆಟ್ಟಗೆ ಗೆರೆ ಹಿಡಿದು ನಡೆಯಲು ಹೇಳಿದರು. ಕತ್ತುನೋವಿಗೆ ಬಂದವರನ್ನು ಏಕೆ ನಡೆಸುತ್ತಾರೆ ಎಂದು ನಮಗೆ ಆಗ ಅರ್ಥವಾಗಲಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಅವರು ವಿವರಿಸಿದ್ದು ಹೀಗೆ. ಕತ್ತಿನಲ್ಲಿ ಏಳು ಮೂಳೆಗಳಿವೆ. ಮೇಲಿನ ಎರಡರ ನಡುವೆ ಡಿಸ್ಕ್ ಇಲ್ಲ. ಅಲ್ಲಿಂದ ಕೆಳಗೆ, ಏಳನೆಯ ಮೂಳೆ ಎದೆಯ ಮೊದಲ ಮೂಳೆಗೆ ಕೂಡುವ ಜಾಗದವರೆಗೆ, ಆರು ಡಿಸ್ಕ್‌ಗಳಿವೆ. ಡಿಸ್ಕ್ ಎಂದರೆ ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರುಳ್ಳ ಮೆತ್ತನೆಯ ತಿರುಳು. ವಯಸ್ಸಾದಂತೆ ತಿರುಳಿನ ನೀರು ಕಡಿಮೆಯಾಗುತ್ತದೆ, ಹೊರಗಿನ ನಾರು ಬಿರುಕು ಬಿಡುತ್ತದೆ. ತಿರುಳು ಆ ಬಿರುಕಿನಿಂದ ಹೊರಗೆ ಚಾಚಿಕೊಂಡು ಪಕ್ಕದ ನರದ ಬೇರನ್ನು ಒತ್ತಿದರೆ, ಕೆರಳಿಸಿದರೆ, ನೋವು ಕತ್ತಿನಲ್ಲಿ ನಿಲ್ಲದೆ ಕೈಗೆ ಇಳಿಯುತ್ತದೆ. ಹೆಚ್ಚಾಗಿ ತೊಂದರೆ ಕೊಡುವುದು ಐದು-ಆರನೆಯ ಮತ್ತು ಆರು-ಏಳನೆಯ ಮೂಳೆಗಳ ನಡುವಿನ ಡಿಸ್ಕ್‌ಗಳು. ಯಾವ ಬೆರಳು ಜೋಮು ಹಿಡಿದಿದೆ ಎಂಬುದರಿಂದಲೇ ಯಾವ ನರ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಹೆಬ್ಬೆರಳಾದರೆ ಆರನೆಯ ನರ, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಯಜಮಾನರದ್ದು ಏಳನೆಯದು. ತೋಳಿನ ಹಿಂದಿನ ಸ್ನಾಯುವಿಗೂ ಮುಖ್ಯವಾಗಿ ಅದೇ ನರ. ಕುರ್ಚಿಗೆ ಕೈ ಊರಿದಾಗ ಸೋತದ್ದು ಅದಕ್ಕೇ.

ಎಮ್‌ಆರ್‌ಐ ಆಯಿತು. ವರದಿಯಲ್ಲಿ ಮೂರು ಡಿಸ್ಕ್‌ಗಳ ಹೆಸರು ಕಂಡು ನಮ್ಮ ಎದೆ ಒಡೆಯಿತು. ವೈದ್ಯೆ ಮಾತ್ರ ಒಂದನ್ನೇ ತೋರಿಸಿ, "ನಿಮ್ಮ ಬೆರಳಿಗೆ ಹೊಂದುವುದು ಇದು. ಉಳಿದವು ನಿಮ್ಮ ವಯಸ್ಸಿನ ಗುರುತು" ಎಂದರು. ಅವರು ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. 2015ರಲ್ಲಿ ಜಪಾನಿನ ವೈದ್ಯರು ಕತ್ತಿನ ಯಾವ ತೊಂದರೆಯೂ ಇಲ್ಲದ 1,211 ಜನರ ಎಮ್‌ಆರ್‌ಐ ತೆಗೆದು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 87.6 ಮಂದಿಯ ಡಿಸ್ಕ್ ಉಬ್ಬಿತ್ತು! ಆದ್ದರಿಂದ ಚಿತ್ರದಲ್ಲಿ ಉಬ್ಬು ಕಂಡ ಮಾತ್ರಕ್ಕೆ ಅದೇ ರೋಗ ಎಂದು ತಿಳಿಯಬಾರದು. ಚಿತ್ರವೂ ಬೆರಳೂ ಒಂದೇ ಮಾತು ಹೇಳಬೇಕು.

ಇನ್ನೊಂದು ಧೈರ್ಯದ ಮಾತೂ ಇದೆ. ಮುಂದೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ನಿರ್ದೇಶಕರಾದ ನರರೋಗ ತಜ್ಞ ಡಾ. ಕೆ. ರಾಧಾಕೃಷ್ಣನ್ ಅವರು ಅಮೆರಿಕದ ರಾಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಈ ನರದ ಬೇರಿನ ತೊಂದರೆ ಬಂದ 561 ಮಂದಿಯ ದಾಖಲೆಗಳನ್ನು ಸಹೋದ್ಯೋಗಿಗಳೊಂದಿಗೆ ಪರಿಶೀಲಿಸಿ 1994ರಲ್ಲಿ ವರದಿ ಮಾಡಿದರು. ಕೊನೆಯ ಸಲ ನೋಡಿದಾಗ ನೂರಕ್ಕೆ 90 ಮಂದಿಗೆ ತೊಂದರೆ ಇರಲಿಲ್ಲ, ಅಥವಾ ಅಲ್ಪಸ್ವಲ್ಪ ಇತ್ತು. ಸುಮಾರು ಕಾಲು ಭಾಗದವರಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಉಳಿದವರಿಗೆ ಅದು ಬೇಕಾಗಲಿಲ್ಲ. ಹೊರಬಂದ ತಿರುಳನ್ನು ಎಷ್ಟೋ ಬಾರಿ ದೇಹವೇ ಕರಗಿಸಿಕೊಳ್ಳುತ್ತದೆ. ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಆ ಸಮಯವನ್ನು ಕೈಕಾಲು ಕಳೆದುಕೊಳ್ಳದೆ, ಕೆಲಸ ಬಿಡದೆ, ಬುದ್ಧಿ ಕೆಡದೆ ದಾಟುವುದು ಹೇಗೆ ಎಂಬುದೇ ಪ್ರಶ್ನೆ. ಕೈಚಿಕಿತ್ಸೆಯ ಜಾಗ ಅಲ್ಲಿದೆ.

ಕೈಚಿಕಿತ್ಸೆ ಎಂದರೆ ಒಂದಲ್ಲ

ಕೈಯಿಂದ ಮಾಡುವುದನ್ನೆಲ್ಲ ನಾವು 'ಮಸಾಜು' ಎಂದುಬಿಡುತ್ತೇವೆ. ಅದು ಸರಿಯಲ್ಲ. ನಮ್ಮ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಇವುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲನೆಯದು ನೀವುವುದು, ತಿಕ್ಕುವುದು. ಇದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಡಿಸ್ಕನ್ನು ಮುಟ್ಟುವುದಿಲ್ಲ, ಮುಟ್ಟಲು ಸಾಧ್ಯವೂ ಇಲ್ಲ.

ಎರಡನೆಯದು ಕೀಲುಗಳನ್ನು ಮೆಲ್ಲಗೆ ಆಡಿಸುವುದು. ರೋಗಿ ಬೇಡವೆಂದರೆ ತಕ್ಷಣ ನಿಲ್ಲಿಸಬಹುದಾದಷ್ಟು ನಿಧಾನವಾಗಿ ಮೂಳೆಯ ಮೇಲೆ ಬೆರಳಿಟ್ಟು ಒತ್ತಿ ಬಿಡುತ್ತಾರೆ. ಆಸ್ಟ್ರೇಲಿಯದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್‌ಲ್ಯಾಂಡ್ 1964ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಧಾನ ಹೆಸರಾಯಿತು. ಎಷ್ಟು ಒತ್ತಬೇಕು, ಎಷ್ಟು ದೂರ ಆಡಿಸಬೇಕು ಎಂಬುದಕ್ಕೆ ಅವರ ಪದ್ಧತಿಯಲ್ಲಿ ದರ್ಜೆಗಳಿವೆ.

ಮೂರನೆಯದು ದಿಢೀರನೆ ತಿರುವುವುದು, ಅಂದರೆ ನೆಟಿಗೆಯ ಶಬ್ದ ಬರುವಂಥದ್ದು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಕೈರೋಪ್ರ್ಯಾಕ್ಟಿಕ್‌ನಲ್ಲಿ ಇದು ಮುಖ್ಯ. ಕಲಿತ ಫಿಸಿಯೋಥೆರಪಿಸ್ಟರೂ ಮಾಡುತ್ತಾರೆ. ಕ್ಷೌರದಂಗಡಿಯಲ್ಲಿ ನಡೆದದ್ದು ಇದರ ಕುರುಡು ಅನುಕರಣೆ.

ನಾಲ್ಕನೆಯದು ಎಳೆತ. ಮಲಗಿಸಿ ತಲೆಯನ್ನು ಕೈಯಿಂದಾಗಲಿ ಯಂತ್ರದಿಂದಾಗಲಿ ಮೆಲ್ಲಗೆ ಎಳೆದು ಬಿಡುವುದು. ಯಜಮಾನರಿಗೆ ಮೊದಲು ಆರಾಮ ಕೊಟ್ಟದ್ದು ಇದೇ. ಮೂರನೆಯ ಸಲ ಆ ಮೇಜಿನ ಮೇಲೆಯೇ ಅವರು ಗೊರಕೆ ಹೊಡೆದರು. ಆರು ವಾರದಲ್ಲಿ ಮೊದಲ ಬಾರಿಗೆ ಕೇಳಿದ ಆ ಗೊರಕೆ ಹೊರಗೆ ಕುಳಿತವರಿಗೆ ಸಂಗೀತದಂತಿತ್ತು.

ಇವುಗಳಿಂದ ಗುಣವಿದೆಯೇ? ಇದೆ, ಆದರೆ ಅಳತೆಯಲ್ಲಿದೆ. 2002ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯ ಕತ್ತುನೋವಿನ 183 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಏಳು ವಾರಗಳ ನಂತರ ಕೀಲು ಆಡಿಸುವ ಕೈಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 68 ಮಂದಿ, ವ್ಯಾಯಾಮ ಪ್ರಧಾನವಾದ ಫಿಸಿಯೋಥೆರಪಿ ಪಡೆದವರಲ್ಲಿ 51 ಮಂದಿ, ವೈದ್ಯರ ಸಲಹೆ ಮಾತ್ರೆಗಳಲ್ಲಿ ಉಳಿದವರಲ್ಲಿ 36 ಮಂದಿ ಗುಣವಾಯಿತೆಂದರು. ವರ್ಷ ಕಳೆಯುವಷ್ಟರಲ್ಲಿ ಈ ಅಂತರ ಕಡಿಮೆಯಾಗಿತ್ತು. ಅಂದರೆ ಕೈಚಿಕಿತ್ಸೆ ಬೇಗ ಆರಾಮ ಕೊಡುತ್ತದೆ, ದೂರದ ದಾರಿಯಲ್ಲಿ ಎಲ್ಲರೂ ಹತ್ತಿರ ಹತ್ತಿರ ಬರುತ್ತಾರೆ.

ನರ ಕೆರಳಿ ಕೈಗೆ ನೋವಿಳಿದವರ ಮೇಲೆಯೂ ಅದೇ ದೇಶದಲ್ಲಿ ಒಂದು ಪರೀಕ್ಷೆ ನಡೆದು 2009ರಲ್ಲಿ ಪ್ರಕಟವಾಯಿತು. 205 ರೋಗಿಗಳಲ್ಲಿ ಕೆಲವರಿಗೆ ಕತ್ತಿನ ಪಟ್ಟಿ ಮತ್ತು ವಿಶ್ರಾಂತಿ, ಕೆಲವರಿಗೆ ಫಿಸಿಯೋಥೆರಪಿ, ಕೆಲವರಿಗೆ ಕಾದು ನೋಡುವುದು. ಮೊದಲ ಆರು ವಾರಗಳಲ್ಲಿ ಪಟ್ಟಿಯವರಿಗೂ ಫಿಸಿಯೋಥೆರಪಿಯವರಿಗೂ ನೋವು ಹೆಚ್ಚು ಇಳಿಯಿತು. ಆರು ತಿಂಗಳಲ್ಲಿ ಮೂರೂ ಗುಂಪು ಒಂದೇ ಮಟ್ಟ. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬಹಳ ದಿನದಿಂದ ಕೈಗಿಳಿದ ನೋವಿಗೆ ಒಂದೇ ಚಿಕಿತ್ಸೆ ಹೇಳುವುದಿಲ್ಲ. ಎಳೆತ, ಸ್ನಾಯು ಬಲಪಡಿಸುವ ವ್ಯಾಯಾಮ, ಕೀಲು ಆಡಿಸುವುದು ಇವನ್ನು ಕೂಡಿಸಿ ಮಾಡಿ ಎನ್ನುತ್ತದೆ.

ನಮ್ಮ ಫಿಸಿಯೋಥೆರಪಿಸ್ಟ್ ಇದನ್ನು ಸರಳವಾಗಿ ಹೇಳಿದರು: "ನನ್ನ ಕೈಯಿಂದ ನಿಮಗೆ ಸಿಗುವುದು ಅರ್ಧ ದಿನದ ಆರಾಮ. ಆ ಅರ್ಧ ದಿನದಲ್ಲಿ ನೀವು ವ್ಯಾಯಾಮ ಮಾಡಿದರೆ ಅದು ಒಂದು ದಿನವಾಗುತ್ತದೆ. ಮಲಗಿಬಿಟ್ಟರೆ ಅರ್ಧ ದಿನ ಹಾಗೆಯೇ ಮುಗಿಯುತ್ತದೆ." ಈ ಲೇಖನದಲ್ಲಿ ನೀವು ಬೇರೇನನ್ನು ಮರೆತರೂ ಈ ಮಾತನ್ನು ಮರೆಯಬೇಡಿ.

ಊರಿನ ಎಣ್ಣೆ, ಊರಿನ ಕೈ

ಆಗಸ್ಟಿನಲ್ಲಿ ರಜೆ ಬಂತು. ನಮ್ಮಲ್ಲಿ ಹಲವರಂತೆ ನಾವೂ ಊರಿಗೆ ಹೋಗಿ 'ಚಿಕಿತ್ಸೆ ಮಾಡಿಸಿಕೊಂಡು ಬರುವ' ಯೋಜನೆ ಹಾಕಿದೆವು. ಈ ನೋವು ನಮ್ಮ ಹಿರಿಯರಿಗೆ ಹೊಸತಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವಾಗ ಕತ್ತು ಬಿಗಿಯುವ ಮನ್ಯಾಸ್ತಂಭವೂ, ತೋಳಿನಿಂದ ಬೆರಳುಗಳವರೆಗೆ ಹಿಡಿದು ಕೈಯ ಕೆಲಸ ಕೆಡಿಸುವ ವಿಶ್ವಾಚಿಯೂ ಬರುತ್ತವೆ.

ಶಿವಮೊಗ್ಗದಲ್ಲಿ ಒಬ್ಬ ಆಯುರ್ವೇದ ವೈದ್ಯರನ್ನು ಕಂಡೆವು. ಎಣ್ಣೆಯ ಬಾಟಲಿ ಮುಟ್ಟುವ ಮೊದಲು ಅವರು ಎಮ್‌ಆರ್‌ಐ ಕೇಳಿದರು. ಅದರಲ್ಲಿಯೇ ನಮಗೆ ಅರ್ಧ ವಿಶ್ವಾಸ ಬಂತು. ಹತ್ತು ದಿನ ಗ್ರೀವಾಬಸ್ತಿ ಮಾಡಿದರು. ಬೋರಲು ಮಲಗಿಸಿ, ಕತ್ತಿನ ಹಿಂದೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಹದ ಬಿಸಿಯ ತೈಲ ನಿಲ್ಲಿಸುವುದು. ತಣ್ಣಗಾದಂತೆ ತೆಗೆದು ಮತ್ತೆ ಬಿಸಿ ತೈಲ ಹಾಕುವುದು. ಆಮೇಲೆ ಮೆಲ್ಲಗೆ ಅಭ್ಯಂಗ, ಸೊಪ್ಪಿನ ಗಂಟಿನ ಶಾಖ. ಅಮ್ಮನಿಗೆ ಪರಮ ಸಂತೋಷ. "ನಾನು ಹೇಳಿದ್ದೂ ಇದನ್ನೇ ಅಲ್ವಾ?" ಎಂದರು. ಅಲ್ಲವೆನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಕತ್ತು, ಹೆಗಲು ಬಹಳ ಸಡಿಲವಾದವು, ನಿದ್ದೆ ಬಂತು. ಬೆರಳಿನ ಜೋಮು ಹಾಗೆಯೇ ಇತ್ತು. ವೈದ್ಯರೂ ಸುಳ್ಳು ಆಸೆ ಹುಟ್ಟಿಸಲಿಲ್ಲ. "ಎಣ್ಣೆ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ ಸ್ವಾಮಿ, ಬಿಗಿತ ಬಿಡಿಸುತ್ತದೆ. ಅಲ್ಲಿ ಕಲಿಸಿದ ವ್ಯಾಯಾಮ ಇಲ್ಲಿಯೂ ಬಿಡಬೇಡಿ" ಎಂದರು. ಇನ್ನೊಂದು ಎಚ್ಚರವನ್ನೂ ಹೇಳಿದರು. ಜೋಮು ಹಿಡಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ. ಮನೆಯಲ್ಲಿ ಬಿಸಿನೀರಿನ ಚೀಲ ಇಡುವವರು ಇನ್ನೊಬ್ಬರ ಕೈಯಿಂದ ಬಿಸಿ ನೋಡಿಸಿಯೇ ಇಡಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಎರಡು ಪಟ್ಟು ಅನ್ವಯ.

ಯೋಗದ ಬಗ್ಗೆ ಒಂದು ಮಾತು. ಫಿಸಿಯೋಥೆರಪಿಯ ಜೊತೆಗೆ ಬೇರೊಂದನ್ನು ಸೇರಿಸಿದರೆ ಏನಾಗುತ್ತದೆ ಎಂದು ನಮ್ಮ ಬೆಂಗಳೂರಿನಲ್ಲಿಯೇ ಪರೀಕ್ಷಿಸಿದ್ದಾರೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕತ್ತುನೋವಿನ 60 ಮಂದಿಗೆ ಹತ್ತು ದಿನ, ದಿನಕ್ಕೆ 30 ನಿಮಿಷ ಎಳೆತ ಸಹಿತ ಫಿಸಿಯೋಥೆರಪಿ ಕೊಟ್ಟರು. ಆಮೇಲೆ ಒಂದು ಗುಂಪು 20 ನಿಮಿಷ ಸುಮ್ಮನೆ ಮಲಗಿತು, ಇನ್ನೊಂದು ಗುಂಪಿಗೆ ಅದೇ 20 ನಿಮಿಷ ಮಲಗಿದಲ್ಲಿಯೇ ನಾದಾನುಸಂಧಾನದ ರೀತಿಯ ಯೋಗ ವಿಶ್ರಾಂತಿ ಮಾಡಿಸಿದರು. ಎರಡನೆಯ ಗುಂಪಿಗೆ ನೋವು, ಬಿಗಿತ, ಆತಂಕ ಮೂರೂ ಹೆಚ್ಚು ಇಳಿದವು. ಗಮನಿಸಿ, ಯಾರೂ ಫಿಸಿಯೋಥೆರಪಿಯನ್ನು ಬಿಡಿಸಲಿಲ್ಲ, ಯಾರಿಗೂ ಶೀರ್ಷಾಸನ ಹಾಕಿಸಲಿಲ್ಲ. ಕತ್ತಿನ ಡಿಸ್ಕ್ ಇರುವವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳ ಹತ್ತಿರ ಹೋಗಬಾರದು. ಪೂರಕ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಇಲ್ಲಿ, ಕತಾರಿನಲ್ಲಿ

ರಜೆ ಮುಗಿಸಿ ಬಂದವರು ಇಲ್ಲಿ ಅದನ್ನು ಮುಂದುವರಿಸಬಹುದೇ ಎಂದು ಕೇಳುತ್ತಾರೆ. ಮುಂದುವರಿಸಬಹುದು. ಕತಾರಿನಲ್ಲಿ 2016ರಿಂದ ಪೂರಕ ಚಿಕಿತ್ಸೆಗಳಿಗೆ ಪರವಾನಗಿ ಕೊಡುವ ಪದ್ಧತಿ ಬಂದಿದೆ. ಆಯುರ್ವೇದ, ಹಿಜಾಮಾ, ಕೈರೋಪ್ರ್ಯಾಕ್ಟಿಕ್, ಅಕ್ಯುಪಂಕ್ಚರ್, ಹೋಮಿಯೋಪತಿ ಈ ಐದು ಆ ಪಟ್ಟಿಯಲ್ಲಿವೆ. ಸರಕಾರದ ಪರವಾನಗಿ ಇಲ್ಲದೆ ಯಾರೂ ಇವನ್ನು ಮಾಡುವಂತಿಲ್ಲ. ಆದ್ದರಿಂದ ಕತ್ತು ಕೊಡುವ ಮುನ್ನ ಗೋಡೆಯ ಮೇಲೆ ಪರವಾನಗಿ ಇದೆಯೇ, ಅದರಲ್ಲಿರುವ ಹೆಸರೂ ಎದುರಿಗಿರುವವರ ಹೆಸರೂ ಒಂದೆಯೇ ಎಂದು ನೋಡುವುದು ನಮ್ಮ ಹಕ್ಕು. ಕೇಳಿದರೆ ಅವರಿಗೆ ಬೇಸರವಾದೀತೆಂಬ ಸಂಕೋಚ ಬೇಡ. ಸರಿಯಾದವರು ಬೇಸರಪಡುವುದಿಲ್ಲ.

ಕ್ಷೌರದಂಗಡಿಗೆ, ಮನೆಗೆ ಬಂದು 'ಉಳುಕು ತೆಗೆಯುವ' ಪರಿಚಯದವರಿಗೆ, ಫೋನಿನ ವಿಡಿಯೋ ನೋಡಿ ಕಲಿತ ಗೆಳೆಯರಿಗೆ ಈ ಪರವಾನಗಿ ಇಲ್ಲ. ಪ್ರೀತಿಯಿಂದ ಮಾಡುತ್ತಾರೆ, ನಿಜ. ಆದರೆ ಪ್ರೀತಿಗೆ ಕತ್ತಿನ ರಕ್ತನಾಳ ಗೊತ್ತಿಲ್ಲ.

ಯಾವಾಗ ಕೈ ಇಡಬಾರದು

ಆ ರಕ್ತನಾಳದ ವಿಷಯ ಹೇಳಿಯೇ ಮುಂದೆ ಹೋಗಬೇಕು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಆರನೆಯ ಮೂಳೆಯಿಂದ ಮೊದಲನೆಯದರವರೆಗೆ ಮೂಳೆಗಳ ಪಕ್ಕದ ತೂತುಗಳ ಮೂಲಕ, ದಾರದಲ್ಲಿ ಮಣಿ ಪೋಣಿಸಿದಂತೆ ಹಾದುಹೋಗುತ್ತವೆ. ಬಲವಾಗಿ ತಿರುಚಿದಾಗ, ಅಪರೂಪವಾಗಿ, ನಾಳದ ಒಳಪದರ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಬರಬಹುದು. ಕೆಲವರಿಗೆ ನಾಳ ಮೊದಲೇ ಸೀಳಿರುತ್ತದೆ, ಅದರ ಮೊದಲ ಲಕ್ಷಣವೇ ಕತ್ತುನೋವು. ಆ ನೋವಿಗೆ ಔಷಧಿ ಹುಡುಕಿಕೊಂಡೇ ಅವರು ವೈದ್ಯರ ಬಳಿಗೋ ಕೈರೋಪ್ರ್ಯಾಕ್ಟರ್ ಬಳಿಗೋ ಹೋಗುತ್ತಾರೆ. 2008ರಲ್ಲಿ ಕೆನಡಾದ ಒಂಟೇರಿಯೊದಿಂದ ಬಂದ ಅಧ್ಯಯನ ಈ ಗೊಂದಲವನ್ನು ಎತ್ತಿ ತೋರಿಸಿತು. ಹೇಗಿದ್ದರೂ ನಮಗೆ ಪಾಠ ಒಂದೇ. ಮೊದಲು ಪರೀಕ್ಷೆ, ಆಮೇಲೆ ಕೈ.

ಈ ಕೆಳಗಿನವು ಕಂಡರೆ ಯಾವ ಕೈಚಿಕಿತ್ಸೆಗೂ ಹೋಗದೆ ನೇರ ಆಸ್ಪತ್ರೆಗೆ ಹೋಗಬೇಕು. ದಯವಿಟ್ಟು ಈ ಭಾಗವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

1. ಹಿಂದೆಂದೂ ಕಾಣದಂಥ ತೀವ್ರ ಕತ್ತುನೋವು ಅಥವಾ ತಲೆನೋವು ದಿಢೀರನೆ ಬಂದು, ಜೊತೆಗೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ಮುಖ ವಾಲುವುದು. ಕೂಡಲೇ 999ಕ್ಕೆ ಫೋನು ಮಾಡಿ.

2. ಎರಡೂ ಕೈಗಳು ಮೊಂಡಾಗುವುದು, ಅಂಗಿಯ ಗುಂಡಿ ಹಾಕಲು ಬಾರದಿರುವುದು, ನಡೆಯುವಾಗ ತೂರಾಡುವುದು, ಮೂತ್ರ ಮಲದ ಹಿಡಿತ ತಪ್ಪುವುದು. ಇದು ನರದ ಬೇರಲ್ಲ, ಬೆನ್ನುಹುರಿಯೇ ಒತ್ತಿದ ಲಕ್ಷಣ. ವೈದ್ಯೆ ಯಜಮಾನರನ್ನು ನಡೆಸಿ ನೋಡಿದ್ದು ಇದಕ್ಕೇ.

3. ಕೈಯ ಬಲ ದಿನದಿಂದ ದಿನಕ್ಕೆ ಕುಗ್ಗುವುದು.

4. ಬಿದ್ದು ಅಥವಾ ಕಾರಿನ ಅಪಘಾತವಾಗಿ ಬಂದ ಕತ್ತುನೋವು.

5. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದ ಇತಿಹಾಸ.

ಮೂಳೆ ಸವೆದವರು, ಸಂಧಿವಾತ ಇರುವವರು ಕತ್ತು ತಿರುವಿಸಿಕೊಳ್ಳಬಾರದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಿರುವಿಸಿಕೊಳ್ಳುವುದಕ್ಕಾಗಲಿ, ಚರ್ಮಕ್ಕೆ ಗೀರು ಹಾಕುವ ಹಿಜಾಮಾಕ್ಕಾಗಲಿ ತಮ್ಮ ವೈದ್ಯರನ್ನು ಕೇಳದೆ ಹೋಗಬಾರದು. ಶಸ್ತ್ರಚಿಕಿತ್ಸೆ ಎಂದ ಕೂಡಲೇ ಓಡಿಹೋಗುವುದೂ ಸರಿಯಲ್ಲ. ಬೆನ್ನುಹುರಿ ಒತ್ತಿದಾಗ, ಬಲ ಕುಗ್ಗುತ್ತಲೇ ಇರುವಾಗ, ವಾರಗಟ್ಟಲೆ ಪ್ರಯತ್ನಿಸಿದರೂ ನೋವು ಬಗ್ಗದಿದ್ದಾಗ ಅದೇ ಸರಿಯಾದ ದಾರಿ. ಆಗ ಎಣ್ಣೆ ಹಚ್ಚುತ್ತ ಕಾಲ ಕಳೆದರೆ ನರ ನಮಗಾಗಿ ಕಾಯುವುದಿಲ್ಲ.

ಈಗ ನಮ್ಮ ಮನೆಯಲ್ಲಿ

ಅಕ್ಟೋಬರಿನ ಹೊತ್ತಿಗೆ ಯಜಮಾನರ ತೋಳಿನ ನೋವು ಹೋಯಿತು. ಕುರ್ಚಿಗೆ ಕೈ ಊರಿ ಏಳುವ ಬಲ ಬರಲು ಡಿಸೆಂಬರ್ ಆಯಿತು. ನಡುಬೆರಳಿನ ತುದಿಯಲ್ಲಿ ಒಂದಿಷ್ಟು ಜೋಮು ಇನ್ನೂ ಉಳಿದಿದೆ. ಬಹುಶಃ ಉಳಿದೇ ಹೋಗಬಹುದು. ಗುಣ ಮಾಡಿದ್ದು ಯಾವುದು ಎಂದು ಕೇಳಿದರೆ ಫಿಸಿಯೋಥೆರಪಿಯೋ, ಎಣ್ಣೆಯೋ, ಕಾಲವೋ ಎಂದು ನಾವು ಪ್ರಮಾಣ ಮಾಡಿ ಹೇಳಲಾರೆವು. ಕೆಡಿಸಿದ್ದು ಯಾವುದು ಎಂದು ಮಾತ್ರ ಬಲ್ಲೆವು.

ಮನೆಯಲ್ಲಿ ಕೆಲವು ಬದಲಾವಣೆ ಆಗಿವೆ. ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕೆ ಏರಿದೆ, ಅದರ ಕೆಳಗೆ ನಮ್ಮ ಹಳೆಯ ನಿಘಂಟುಗಳಿವೆ. ನಿಘಂಟಿಗೂ ಒಂದು ಉದ್ಯೋಗ ಸಿಕ್ಕಿತು. ಫೋನು ನೋಡುವಾಗ ಫೋನು ಮೇಲೆ ಬರಬೇಕು, ತಲೆ ಕೆಳಗೆ ಹೋಗಬಾರದು. ತಲೆಯ ತೂಕ ಐದು ಕಿಲೋ ಆಸುಪಾಸು. 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆಯ ಶಸ್ತ್ರವೈದ್ಯರೊಬ್ಬರು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ, 60 ಡಿಗ್ರಿ ಬಾಗಿದಾಗ ಕತ್ತಿನ ಮೇಲಿನ ಭಾರ ಸುಮಾರು 27 ಕಿಲೋ ಎಂದರು. ಒಂದು ಅಕ್ಕಿ ಮೂಟೆಯನ್ನು ಕತ್ತಿಗೆ ಕಟ್ಟಿಕೊಂಡು ವಾಟ್ಸಾಪ್ ಓದಿದಂತೆ!

ಬೆಳಿಗ್ಗೆ ಕಾಫಿಗೆ ಮೊದಲು ಹತ್ತು ನಿಮಿಷ ಇಬ್ಬರೂ ವ್ಯಾಯಾಮ ಮಾಡುತ್ತೇವೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆ ಎತ್ತದೆ ತಗ್ಗಿಸದೆ, ಗಲ್ಲವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುವುದು. ಹೆಗಲ ಹಿಂದಿನ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ತರುವುದು. ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ತಡೆಯುವುದು. ಇವನ್ನು ನಮಗೆ ಹೇಳಿಕೊಟ್ಟದ್ದು ನಮ್ಮ ಕತ್ತನ್ನು ಪರೀಕ್ಷಿಸಿದವರು. ನಿಮ್ಮ ಕತ್ತಿಗೆ ಯಾವುದು ಎಂದು ನಿಮ್ಮವರು ಹೇಳಬೇಕು. ಯಾವ ವ್ಯಾಯಾಮದಿಂದಲಾದರೂ ನೋವು ಕೈಯ ಕಡೆಗೆ ಇನ್ನೂ ಕೆಳಗೆ ಇಳಿದರೆ ನಿಲ್ಲಿಸಬೇಕು. ನೋವು ಬೆರಳಿನಿಂದ ಮೇಲಕ್ಕೆ, ಕತ್ತಿನ ಕಡೆಗೆ ಸರಿದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳುತ್ತೇವೆ. ಚಳಿಗಾಲದ ಸಂಜೆ ಮರೀನಾದ ದಂಡೆಯಲ್ಲಿ ನಡೆಯುತ್ತೇವೆ. ಅಲ್ಲಿ ಎದುರಾದವರು ನಿಂತು ಮಾತನಾಡಿಸಿ, ಮಾತಿನ ನಡುವೆ ಕತ್ತು ಮುಟ್ಟಿಕೊಂಡರೆ ನಾವು ಈಗ ಔಷಧಿ ಹೇಳುವುದಿಲ್ಲ. "ಯಾವ ಬೆರಳು?" ಎಂದು ಮಾತ್ರ ಕೇಳುತ್ತೇವೆ, ಆಮೇಲೆ "ತೋರಿಸಿದಿರಾ?" ಎನ್ನುತ್ತೇವೆ.

ಮೊನ್ನೆ ಯಜಮಾನರು ಅದೇ ಅಂಗಡಿಗೆ ಕ್ಷೌರಕ್ಕೆ ಹೋಗಿದ್ದರು. ಆ ಹುಡುಗ ಪಾಪ, ಮೊದಲಿನಂತೆಯೇ ಹೆಗಲು ಅಮುಕಿ ಗಲ್ಲಕ್ಕೆ ಕೈ ಹಾಕಿದನಂತೆ. ಯಜಮಾನರು ಅವನ ಕೈ ಹಿಡಿದು ಪಕ್ಕಕ್ಕಿಟ್ಟು, ಎದ್ದು ನಿಂತು, ನಡೆದದ್ದನ್ನೆಲ್ಲ ಅವನಿಗೆ ಹೇಳಿದರು. ಅವನು ಹೆದರಿಹೋದ. ತಾನು ಹೀಗೆ ಎಷ್ಟೋ ಜನರಿಗೆ ಮಾಡಿದ್ದೇನೆ, ಯಾರೂ ಬಂದು ಹೇಳಲಿಲ್ಲ ಎಂದನಂತೆ. ನಾವೂ ಹೇಳಿರಲಿಲ್ಲ, ಹತ್ತು ತಿಂಗಳು ತಡ ಮಾಡಿದ್ದೆವು. ಆದ್ದರಿಂದ ಈ ಸಂಚಿಕೆಯಲ್ಲಿ ಎಲ್ಲರಿಗೂ ಹೇಳಿದ್ದೇವೆ.